ಮುದ್ದೆ ಕೋಲು ಮಿಷನ್ನಿಗೆ ಹೋದದ್ದು

ಅವತ್ತು ಬೆಳಿಗ್ಗೆ ಶಿಡ್ಲಘಟ್ಟದ ಮೇಲೆ ಎಂಥ ಮಂಜು ಬಿದ್ದಿತ್ತೆಂದರೆ, ರೇಷ್ಮೆ ಒಲೆಗಳ ಹೊಗೆ ಆಕಾಶಕ್ಕೆ ಹೋಗಲು ದಾರಿ ಕಾಣದೆ ಬೀದಿಯಲ್ಲೇ ಅಡ್ಡಾಡುತ್ತಿತ್ತು. ಎದುರಿಗೆ ಬಂದವರು ಯಾರೆಂದು ಕೆಮ್ಮಿನಿಂದಲೇ ಗುರುತು ಹಿಡಿಯಬೇಕು. ಅಂಥ ಮಂಜನ್ನು ಸೀಳಿಕೊಂಡು ಬಂದ ಬೆಂಗಳೂರಿನ ಟೆಂಪೊ ಒಂದು ಉಸ್ಮಾನ್ ಸಾಬರ ಬಾಗಿಲಲ್ಲಿ ನಿಂತು, ಬೀರುವಿನ ತಮ್ಮನಂಥ ಬಿಳಿ ಪೆಟ್ಟಿಗೆಯೊಂದನ್ನು ಇಳಿಸಿ ಹೋಯಿತು.

ಪಾತ್ರೆ ತೊಳೆಯುವ ಮಿಷನ್ನು! ತೊಂಬತ್ತೈದನೇ ಇಸವಿಯ ಮಾತು. ಬಟ್ಟೆ ಒಗೆಯುವ ಮಿಷನ್ನನ್ನೇ ಊರು ಬೆರಗುಗಣ್ಣಿನಿಂದ ನೋಡುತ್ತಿದ್ದ ಕಾಲ.

ಉಸ್ಮಾನ್ ಸಾಬರು ಗೂಡಿನಿಂದ ರೇಷ್ಮೆ ನೂಲು ಬಿಚ್ಚಿಸುವ ಕಸುಬಿನವರು. ಹೆಂಡತಿ ಶಹಜಾದಿ ಹೆಸರಿಗಷ್ಟೇ ರಾಜಕುಮಾರಿ. ಬೂದಿ, ತೆಂಗಿನ ನಾರು ಹಿಡಿದು ತಿಕ್ಕಿ ತಿಕ್ಕಿ ಅಂಗೈ ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿತ್ತು. ನಮಾಜು ಮುಗಿಸಿ ದುವಾಕ್ಕೆಂದು ಎತ್ತಿದ ಆ ಅಂಗೈಗಳು ಒಂದು ದಿನ ಸಾಬರ ಕಣ್ಣಿಗೆ ಬಿದ್ದವು. ಮಾರನೇ ದಿನವೇ ಬೆಂಗಳೂರಿನ ಬಸ್ಸು ಹತ್ತಿದರು.

ಅಂಗಡಿಯಲ್ಲಿ ಟೈ ಕಟ್ಟಿದ ಮಾರಾಟಗಾರ ಎಷ್ಟು ತಟ್ಟೆ ಹಿಡಿಯುತ್ತದೆ, ಎಷ್ಟು ನೀರು ಕುಡಿಯುತ್ತದೆ ಎಂದೆಲ್ಲ ಹೇಳಿದ. ಸಾಬರು ಕೇಳಿಸಿಕೊಳ್ಳಲಿಲ್ಲ. ಗೂಡಿನ ಮಾರ್ಕೆಟ್ಟಿನಲ್ಲಿ ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದಿನಿಂದಲೇ ನೂಲಿನ ಗುಣ ಹೇಳುವ ಕಿವಿ ಅವರದು. ಮಿಷನ್ನನ್ನು ಅಲ್ಲಾಡಿಸಲು ಆಗದು. ಆದ್ದರಿಂದ ಸಾಲಾಗಿ ನಿಂತ ಒಂದೊಂದರ ಬಾಗಿಲಿಗೂ ಕಿವಿಯಿಟ್ಟು ತಟ್ಟಿದರು. "ಇದು ಹಸಿ. ಇದು ಟೊಳ್ಳು. ಇದು ಗಟ್ಟಿ, ಇದನ್ನೇ ಕೊಡಪ್ಪ," ಎಂದರು. ಆಮೇಲೆ ಹೆಗಲ ಟವೆಲ್ಲನ್ನು ಅವನ ಕೈಮೇಲೆ ಹೊದಿಸಿ, ಹಳೇ ವ್ಯಾಪಾರಿಗಳ ರೂಢಿಯಂತೆ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಹೋದರು. ಅವನು ಬೆಚ್ಚಿ ಕೈ ಎಳೆದುಕೊಂಡ. "ಸಾರ್, ಫಿಕ್ಸೆಡ್ ರೇಟು!"

ಅಂತೂ ಮಿಷನ್ನು ಬಂತು. ಪಕ್ಕದ ಮನೆಯ ರಾಮಲಕ್ಷ್ಮಮ್ಮ ಗೋಡೆಯ ಮೇಲಿಂದ ಇಣುಕಿದಳು. ಅವಳ ಗಂಡ ಕೋನಪ್ಪನಿಗೆ ಜಂಗಮಕೋಟೆಯಲ್ಲಿ ಹಿಪ್ಪುನೇರಳೆ ತೋಟ.

"ಏನ್ ಸಾಬ್ರೇ, ತಿಜೋರಿನಾ?"

"ಪಾತ್ರೆ ತೊಳೆಯೋ ಮಿಷನ್ನಮ್ಮಾ."

"ಅಯ್ಯೋ ನಮ್ಮಪ್ಪನೇ! ಇನ್ಮೇಲೆ ಶಹಜಾದಮ್ಮ ಏನ್ ಮಾಡ್ತಾಳೆ, ಅದು ದಣೀದಂಗೆ ಬೀಸಣಿಗೆ ಬೀಸ್ತಾಳಾ? ಕಾಫಿ ಲೋಟ ಯಾರಾದ್ರೂ ತೊಳೀತಾರೆ ಸಾಬ್ರೇ. ಮುದ್ದೆ ಪಾತ್ರೆ ತೊಳೀಲಿ, ಆಗ ಮಿಷನ್ನು ಅಂತೀನಿ."

"ಕೊಡಿ ಇತ್ಲಾಗೆ! ಪಾತ್ರೆನೂ ಕೊಡಿ, ಕೋಲೂ ಕೊಡಿ!"

ಪಾತ್ರೆ ಕೊಟ್ಟವಳು ಕೋಲು ಕೊಡುವಾಗ ಹಿಂದೆಮುಂದೆ ನೋಡಿದಳು. ಹಿಟ್ಟು ತಿರುವಿ ತಿರುವಿ ಎಣ್ಣೆಗಪ್ಪಾಗಿ ಮಿರುಗುತ್ತಿದ್ದ ಕೋಲು ಅದು.

"ಜೋಪಾನ. ನಮ್ಮತ್ತೆ ಸಾಯೋ ಮುಂಚೆ ಬಂಗಾರ ಮಗಳಿಗೆ ಕೊಟ್ರು, ಇದನ್ನ ನನಗೆ ಕೊಟ್ರು. ಸಂಜೆ ಮುದ್ದೆಗೆ ಬೇಕು."

"ಇದು ನನ್ನ ಹತ್ರ ಅಮಾನತ್ತು ಕಣಮ್ಮಾ, ನಂಬಿ ಇಟ್ಟ ಒಡವೆ ಇದ್ದಂಗೆ. ದೇವರ ಮೇಲೆ ಭಾರ ಹಾಕಿ ಕೊಡಿ," ಎಂದರು ಸಾಬರು, ಎದೆಯ ಮೇಲೆ ಕೈಯಿಟ್ಟು.

ಮಿಷನ್ನಿನ ಜೊತೆ ಬಂದ ಪುಸ್ತಕವನ್ನು ಶಹಜಾದಿ ತಿರುವುತ್ತಿದ್ದಳು. "ಅಜೀ, ಈ ಚಿತ್ರದಲ್ಲಿ ಪಾತ್ರೆ ಎಲ್ಲ ಬೋರಲು ಹಾಕವ್ರೆ."

"ಬೋರಲು ಹಾಕಿದ್ರೆ ನೀರು ಎಲ್ಲಿ ನಿಲ್ಲುತ್ತೆ? ಗೂಡು ಬೇಯಿಸೋ ಬಾಂಡ್ಲಿನ ನಾವು ಬೋರಲು ಹಾಕ್ತೀವೇನು?"

ಶಹಜಾದಿ ಪುಸ್ತಕ ಮುಚ್ಚಿಟ್ಟಳು. ಸಾಬರು ರಾಗಿ ಮೆತ್ತಿದ ಪಾತ್ರೆಯನ್ನು ಹಾಗೇ ಬಾಯಿ ಮೇಲೆ ಮಾಡಿ ಕೂರಿಸಿ, ಕೋಲನ್ನು ಅದರ ಪಕ್ಕಕ್ಕೆ ತುರುಕಿ, ಸೋಪಿನ ಪುಡಿ ಹಾಕಿ ಬಾಗಿಲು ಮುಚ್ಚಿದರು. ಕರೆಂಟು ಬರುವ ತನಕ ಕಾದು ಗುಂಡಿ ಒತ್ತಿದರು.

ಒಳಗಿನಿಂದ ಟಕ್, ಟಕ್, ಟಕ್ ಎಂದು ಸದ್ದು ಹೊರಟಿತು. ಸಾಬರು ಬಾಗಿಲಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. "ಆಹಾ! ತಿಕ್ತಾ ಇದೆ ಕೇಳು."

"ಏನೋ ಒಡೀತಿರೋ ಹಂಗಿದೆ."

"ಕಿವಿ ನನ್ನದಾ, ನಿನ್ನದಾ?"

ಕೊನೆಗೆ ಸದ್ದು ನಿಂತು, ಬಾಗಿಲು ತೆರೆದರೆ ಮುಖಕ್ಕೆ ಹಬೆ ಹೊಡೆಯಿತು. ಪಾತ್ರೆಯ ತುಂಬ ಅಂಬಲಿಯಂಥ ನೀರು; ತಳದ ರಾಗಿ ಗೋಡೆಗೆ ಮೆತ್ತಿದ ಗಾರೆಯಂತೆ ಗಟ್ಟಿ. ಕೋಲು ಪಾತ್ರೆ ಕೂರಿಸುವ ಜಾಲರಿಯ ಕೆಳಗೆ ಜಾರಿ, ನೀರು ಚಿಮ್ಮುತ್ತಾ ಸುತ್ತುವ ರೆಕ್ಕೆಗೆ ಅಡ್ಡ ಸಿಕ್ಕಿತ್ತು. ಹೊಡೆತವನ್ನೂ ತಿಂದು, ಬಿಸಿಯನ್ನೂ ತಿಂದು, ಅರ್ಧದವರೆಗೆ ಸೀಳಿ ಬಾಯಿ ಬಿಟ್ಟುಕೊಂಡಿತ್ತು.

ಸಂಜೆ ಗೋಡೆಯಾಚೆಯಿಂದ ಕರೆ ಬಂತು. "ಸಾಬ್ರೇ, ಕೋಲು?"

"ಇನ್ನೂ... ತೊಳೀತಾ ಇದೆಯಮ್ಮಾ."

ಮಾರನೇ ಬೆಳಿಗ್ಗೆ, "ಇನ್ನೂನಾ?"

"ಒಣಗ್ತಾ ಇದೆ."

ಆಮೇಲೆ ಕೋನಪ್ಪನೇ ಬಂದ. "ಸಾಬ್ರೇ, ಸೌಟಲ್ಲಿ ತಿರುವಿದ ಮುದ್ದೆ ತಿಂದಿದ್ದೀನಿ ರಾತ್ರಿ. ಗಂಟು ನುಂಗಿ ನುಂಗಿ ಗಂಟಲೇ ಗಂಟಾಗೋಯ್ತು. ನಿಮ್ ಮಿಷನ್ನಲ್ಲಿ ನನ್ನ ಹೊಟ್ಟೆನೂ ಒಂದು ಸುತ್ತು ತೊಳೆಸಿಬಿಡಿ."

ಸಾಬರು ನಕ್ಕಂತೆ ಮಾಡಿ, ನೇರ ಸಂತೆಗೆ ಹೋದರು. ಸಂತೆಯಲ್ಲಿ ಹೊಸ ಕೋಲುಗಳು ರಾಶಿ ಬಿದ್ದಿದ್ದವು. ಒಂದನ್ನು ಎತ್ತಿ ನೋಡಿ ಹಾಗೇ ಇಟ್ಟು ಬಂದರು. ಅತ್ತೆಯ ಕೈಯಲ್ಲಿ ಸವೆದ ಕೋಲು ಯಾವುದು, ಹಸಿ ಮರ ಯಾವುದು ಎಂದು ರಾಮಲಕ್ಷ್ಮಮ್ಮನಿಗೆ ತಿಳಿಯದೆ ಇರುತ್ತದೆಯೇ?

"ಕಿವಿ ಮೋಸ ಮಾಡ್ತು, ಸರಿ," ಎಂದಳು ಶಹಜಾದಿ. "ನಾಲಿಗೆಗೂ ಯಾಕೆ ಅದನ್ನೇ ಕಲಿಸ್ತೀರಿ? ಅಮಾನತ್ತು ಅಂದೋರು ನೀವೇ."

ಆವತ್ತಿನ ನಮಾಜಿನಲ್ಲಿ ಸಾಬರು ತಲೆ ಬಾಗಿಸಿದಾಗೆಲ್ಲ ಕಣ್ಣ ಮುಂದೆ ಆ ಸೀಳಿದ ಕೋಲು. ದೇವರ ಮುಂದೆ ಹೇಳಿಕೊಳ್ಳುವ ಮೊದಲು ಗೋಡೆಯ ಹತ್ತಿರ ಹೇಳಬೇಕಿತ್ತು. ಎದ್ದು ಹೋಗಿ ಹೇಳಿಬಿಟ್ಟರು. ರಾಮಲಕ್ಷ್ಮಮ್ಮ ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಒಳಕ್ಕೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಗೋಡೆ ಮಾತು ಬಿಟ್ಟಿತು. ಸಾಬರು ಅಟ್ಟ ಹತ್ತಿದರು. ಅಲ್ಲಿ ಅವರ ತಂದೆ ಕೈಯಲ್ಲಿ ತಿರುವುತ್ತಿದ್ದ ರೇಷ್ಮೆ ರಾಟೆ ಬಟ್ಟೆ ಹೊದ್ದು ಮಲಗಿತ್ತು. ಅದರ ಉದ್ದನೆಯ ಹಿಡಿಗೋಲು ಅಂಗೈ ಸವರಿ ಸವರಿ ಗಾಜಿನಂತಾಗಿತ್ತು. ಗೂಟ ಬಿಚ್ಚಿ ಅದನ್ನು ರಾಟೆಯಿಂದ ಕಳಚಿಕೊಂಡರು.

ಅವರು ಆ ಹಿಡಿಗೋಲಿನ ತುದಿ ಹೆರೆಯುತ್ತಾ ಅಂಗಳದಲ್ಲಿ ಕೂತಿದ್ದಾಗ ಶಹಜಾದಿ ಮಿಷನ್ನಿನ ಜುಟ್ಟು ಹಿಡಿದಳು. ರಾಗಿ ಪಾತ್ರೆಗೆ ನೀರು ಹೊಯ್ದು ನೆನೆಯಲು ಬಿಟ್ಟಳು. ನೆನೆದದ್ದನ್ನು ಕೆರೆದು ಚೆಲ್ಲಿದಳು. ಪಾತ್ರೆ ಬೋರಲು, ತಟ್ಟೆಗಳು ಒಂದಕ್ಕೊಂದು ತಾಗದಂತೆ ಓರೆ. ಮುಚ್ಚುವ ಮುಂಚೆ ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿದಳು. ಮರದ್ದು ಯಾವುದೂ ಒಳಗಿಲ್ಲ. ಈ ಸಲ ಒಳಗೆ ಮಳೆ ಸುರಿದ ಸದ್ದಷ್ಟೇ. ಬಾಗಿಲು ತೆಗೆದರೆ ಪಾತ್ರೆಯಲ್ಲಿ ಅವಳ ಮುಖ ಕಾಣುತ್ತಿತ್ತು.

"ಅಜೀ, ಕಿವಿ ಇಟ್ಟು ನೋಡ್ತೀರಾ?" ಎಂದಳು.

"ಬೇಡ ಬಿಡೇ," ಎಂದರು ಸಾಬರು.

ಮಾರನೇ ಬೆಳಿಗ್ಗೆ ಅವರು ಗೋಡೆಯ ಹತ್ತಿರ ಹೋಗಲಿಲ್ಲ. ಬೀದಿ ಸುತ್ತಿ ಮುಂಬಾಗಿಲಿಗೇ ಹೋದರು. ಪಾತ್ರೆ ಬರಿದಾಗಿ ಹೋಗಬಾರದೆಂದು ಶಹಜಾದಿ ಅದರಲ್ಲಿ ಶಾವಿಗೆ ತುಂಬಿದ್ದಳು. ರಾಮಲಕ್ಷ್ಮಮ್ಮ ಪಾತ್ರೆ ತೆಗೆದುಕೊಂಡಳು. ಸಾಬರು ಬಟ್ಟೆಯಲ್ಲಿ ಸುತ್ತಿದ್ದ ಸೀಳಿದ ಕೋಲನ್ನು ಅವಳಿಗೆ ಕೊಟ್ಟರು. ಅದರ ಮೇಲೆ ಇನ್ನೊಂದು ಕೋಲು ಇಟ್ಟರು; ಕೈ ಮಾತ್ರ ಅದರ ಮೇಲೇ ಉಳಿಯಿತು.

ಅವಳು ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದಳು. "ಹೊಸದಲ್ಲ ಇದು. ಯಾರ ಕೈ ಸಾಬ್ರೇ?"

"ನಮ್ಮಪ್ಪನದು," ಎಂದ ಸಾಬರು, ಕೋಲಿನ ಮೇಲಿದ್ದ ತಮ್ಮ ಕೈಯನ್ನು ಮೆಲ್ಲಗೆ ತೆಗೆದರು.