ಎಡಗೈ ಕೂರಿಸಿದ ಸ್ಪ್ರಿಂಗು

ಮುದುಕ ಅಡುಗೆಮನೆಯ ಮೇಜಿನ ಕೆಳಗೆ ಮೊಣಕಾಲೂರಿ ಸ್ಕ್ರೂ ಹುಡುಕುತ್ತಿದ್ದ.

"ಅಣ್ಣಾ, ಎದ್ದೇಳು," ಎಂದಳು ಬಾಗಿಲಲ್ಲಿ ನಿಂತ ತಂಗಿ. "ಅತ್ತಿಗೆನ ಇನ್ನೇನು ಒಯ್ಯೋ ಹೊತ್ತು. ಜನ ಸೇರಿದ್ದಾರೆ. ನೀನು ನೋಡಿದ್ರೆ ಗ್ರಾಮಾಫೋನು ಬಿಚ್ಕೊಂಡು ಕೂತಿದ್ದೀಯ."

"ಬಿಚ್ಚಿದ್ದು ಅವಳು. ನಾನು ಜೋಡಿಸ್ತಿದ್ದೀನಿ."

"ನಾಳೆ ಜೋಡಿಸಿದ್ರಾಗಲ್ವಾ?"

"ನಾಳೆ ಅವಳು ಈ ಮನೇಲಿ ಇರಲ್ವಲ್ಲ."

ತಂಗಿ ಹೊರಕೋಣೆಗೆ ಹಿಂತಿರುಗಿದಳು.

ಹೊರಕೋಣೆಯಲ್ಲಿ, ಬಿಳಿ ಹೊದಿಕೆಯಡಿ ಮಲಗಿದ್ದವಳ ಪಕ್ಕ, ಬೇಕರಿಯಲ್ಲಿ ಅವಳೊಂದಿಗೆ ಹಿಟ್ಟು ನಾದುತ್ತಿದ್ದ ಹಳೆಯ ಜೊತೆಗಾತಿ ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದಳು: "ಹಿಟ್ಟು ನಾದೋ ಮಿಷನ್ ಬಂದ ದಿನ ನಮ್ಮ ಹಿಟ್ಟಿನಕ್ಕ ಏನಂದ್ಲು ಗೊತ್ತಾ? 'ಕೆಟ್ಟು ನಿಂತಾಗ ಹೇಳಿ, ಬರ್ತೀನಿ' ಅಂದ್ಲು. ವಾರದಲ್ಲೇ ಕರೆಸ್ಕೊಂಡ್ರು!"

ಅಳುತ್ತಿದ್ದವರೂ ನಕ್ಕರು.

*

ಕಳೆದ ವರ್ಷ ಪಾರ್ಶ್ವವಾಯು ಬಡಿದು ಅವಳ ಆ ನಾದುವ ಕೈಗಳಲ್ಲಿ ಎಡಗೈ ಸೋತಿತ್ತು. ಡಾಕ್ಟರು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಲು ಹೇಳಿದರು.

"ಚೆಂಡು ಹಿಸುಕೋಕೆ ನಾನೇನು ತೊಟ್ಟಿಲ ಮಗುವೇ?" ಎಂದವಳು ಬೀರುವಿನ ಮೇಲೆ ವರ್ಷಗಟ್ಟಲೆ ಮೂಕವಾಗಿ ಕೂತಿದ್ದ ಅತ್ತೆಯ ಕಾಲದ ಗ್ರಾಮಾಫೋನನ್ನು ಗಂಡನ ಕೈಲಿ ಕೆಳಗಿಳಿಸಿಕೊಂಡಳು. ಕೀಲಿ ಕೊಟ್ಟರೆ ಅದು ತಿರುಗುತ್ತಿರಲಿಲ್ಲ. ಒಳಗೆ ಸ್ಪ್ರಿಂಗು ತುಂಡಾಗಿತ್ತು.

ಸ್ಪ್ರಿಂಗಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಕಪ್ಪು ಉಕ್ಕಿನ ಪಟ್ಟಿ ಬುಸ್ಸೆಂದು ಹಾರಿ ಹಾಲಿನ ಪಾತ್ರೆ ಉರುಳಿಸಿತು. ಗಂಡ ಕುರ್ಚಿ ಹತ್ತಿ ನಿಂತ.

"ಮನೇಲಿ ಹಾವು ಸಾಕಿದ್ದೀಯೇನೇ!"

"ಇಳೀರಿ ಸಾಕು. ನಿಮಗಿಂತ ಇದೇ ಚುರುಕಾಗಿದೆ."

ಮುರಿದದ್ದು ಪಟ್ಟಿಯ ತುದಿ. ಅದನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ, ಉಕ್ಕು ಮೆತ್ತಗಾಗಲೆಂದು ತಾನಾಗಿ ಆರಲು ಬಿಟ್ಟು, ಕೊಂಡಿಗೆ ಸಿಕ್ಕುವಂತೆ ಹೊಸ ತೂತು ಕೊರೆದಳು. ಅಷ್ಟನ್ನು ಬಲಗೈ ಮಾಡಿತು. ಕಷ್ಟ ಇದ್ದದ್ದು ಪಟ್ಟಿಯನ್ನು ಸುತ್ತುಸುತ್ತಾಗಿ ಡಬ್ಬಿಯೊಳಗೆ ಮತ್ತೆ ಕೂರಿಸುವುದರಲ್ಲಿ. ಬಲಗೈ ಒಂದು ಸುತ್ತು ತುರುಕಿದರೆ ಎಡಗೈ ಅದನ್ನು ಅದುಮಿ ಹಿಡಿದಿರಬೇಕು. ಎಡ ಹೆಬ್ಬೆರಳು ಸೋಲುತ್ತಿತ್ತು. ಕೂತದ್ದೆಲ್ಲ ಮತ್ತೆ ಹೊರಗೆ ಚಿಮ್ಮುತ್ತಿತ್ತು. ಬೇಕರಿಯ ದಪ್ಪ ಕೈಗವಸು ತೊಟ್ಟು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು.

ನೋಡಲಾರದೆ ಒಮ್ಮೆ ಗಂಡ ಕೈ ಚಾಚಿದ.

"ಬಿಡಿ," ಎಂದು ಗದರಿದಳು. "ನೀವು ಹಿಡಿದ್ರೆ ಸ್ಪ್ರಿಂಗು ಸರಿಹೋಗುತ್ತೆ. ನನ್ನ ಕೈ ಸರಿಹೋಗಲ್ಲ."

ತಿಂಗಳುಗಳು ಕಳೆದವು. ಕೊನೆಗೆ ಮೊನ್ನೆ ಸಂಜೆ ಕಡೆಯ ಸುತ್ತೂ ಒಳಗೆ ಹೋಯಿತು. ಗಂಡನನ್ನು ಕೂಗಿ ಕರೆದು, ಅವನ ಬೆರಳನ್ನು ಎಡಗೈಯಲ್ಲಿ ಹಿಡಿದು ಅವನು "ಅಯ್ಯೋ" ಎನ್ನುವಷ್ಟು ಹಿಸುಕಿದಳು.

"ಹೇಗೆ?" ಎಂದು ಕೇಳಿ ನಕ್ಕಳು. "ಉಳಿದದ್ದು ಬೆಳಿಗ್ಗೆ ಜೋಡಿಸ್ತೀನಿ."

ಬೆಳಿಗ್ಗೆ ಅವಳು ಏಳಲಿಲ್ಲ.

*

ಅಳು ನಿಲ್ಲಿಸಿ ಅಡುಗೆಮನೆಗೆ ಬಂದ ಮಗಳು ಅಪ್ಪನ ಪಕ್ಕ ನೆಲಕ್ಕೆ ಕೂತಳು. ಒಲೆಯ ಕಟ್ಟೆಯ ಸಂದಿನಲ್ಲಿ ಬೆರಳಾಡಿಸಿದಾಗ ಸ್ಕ್ರೂ ಸಿಕ್ಕಿತು. ಅವಳು ಸ್ಪ್ರಿಂಗಿನ ಮೋಟರನ್ನು ಅಲುಗದಂತೆ ಹಿಡಿದಳು, ಅವನು ಬಿಗಿದ. ಇಬ್ಬರೂ ಪೆಟ್ಟಿಗೆಯನ್ನು ಎತ್ತಿ ಹೊರಕೋಣೆಗೆ ತಂದು ಹೊದಿಕೆಯಡಿ ಮಲಗಿದ್ದವಳ ತಲೆಯ ಬಳಿ ಸ್ಟೂಲಿನ ಮೇಲಿಟ್ಟರು.

ಬೀದಿಯಲ್ಲಿ ಶವದ ವ್ಯಾನು ಗುರುಗುಡುತ್ತ ನಿಂತಿತ್ತು. ಡ್ರೈವರ್ ಒಳಗೆ ಇಣುಕಿದ. "ಹೊರಡೋಣ್ವಾ, ಯಜಮಾನ್ರೇ?"

ಮುದುಕ ಕೀಲಿ ತಿರುಗಿಸುತ್ತಿದ್ದ. ಕೈಗೆ ಬಿಗಿ ಹತ್ತುವವರೆಗೆ ತಿರುಗಿಸಿ, ಗ್ರಾಮಾಫೋನಿನ ತಟ್ಟೆಯನ್ನು ತಡೆಹಿಡಿದಿದ್ದ ಕೊಂಡಿ ಸರಿಸಿದ. ತಟ್ಟೆ ಅಲುಗಲಿಲ್ಲ. ಯಾರೋ ನಿಟ್ಟುಸಿರಿಟ್ಟರು. ಅವನು ತಟ್ಟೆಯ ಅಂಚನ್ನು ಬೆರಳಿಂದ ಮೆಲ್ಲಗೆ ನೂಕಿದ. ಅದು ಒಂದು ಸುತ್ತು ತಡವರಿಸಿ, ಆಮೇಲೆ ತಾನಾಗಿ, ಒಂದೇ ಹದದಲ್ಲಿ ತಿರುಗತೊಡಗಿತು.

"ಹಾಡಿನ ಪ್ಲೇಟು ಹಾಕಣ್ಣ," ಎಂದಳು ಜೊತೆಗಾತಿ.

"ಬೇಡ. ಹಾಡಿಗಾಗಿ ಮಾಡಿದ್ದಲ್ಲ ಅವಳು." ಅವನು ಡ್ರೈವರನತ್ತ ತಿರುಗಿದ. "ಇದು ತಾನಾಗೇ ನಿಲ್ಲಲಿ ಕಣಪ್ಪ. ಆಮೇಲೆ ಹೊರಡೋಣ."

ಡ್ರೈವರ್ ಗಡಿಯಾರ ನೋಡಿಕೊಂಡ. ತಿರುಗುವ ಬರಿ ತಟ್ಟೆಯನ್ನು ನೋಡಿದ. ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ವ್ಯಾನಿನ ಇಂಜಿನ್ನು ನಿಂತಿತು, ಗ್ರಾಮಾಫೋನಿನ ಗುಂಯ್‌ಗುಡುವಿಕೆ ಬಾಗಿಲಾಚೆ ನಿಂತವರಿಗೂ ಕೇಳತೊಡಗಿತು.