ಬ್ಯಾಗಿಗೊಂದು ಕುರ್ಚಿ

೧

ಎಲ್ಲಿಂದ ಶುರು ಮಾಡಲಿ? ಮಗು ಮನೆಗೆ ಬಂದ ದಿನದಿಂದ ಶುರು ಮಾಡಿದರೆ ನೀವು ಕೂಡಲೇ ಮರುಗುತ್ತೀರಿ. ಮರುಗಿದ ಓದುಗರು ಆಮೇಲೆ ಏನನ್ನೂ ಗಮನಿಸುವುದಿಲ್ಲ. ಗಂಡ ಹೆಂಡತಿ ಸೋಫಾದ ಮೇಲೆ ಕೂತು ಲ್ಯಾಪ್‌ಟಾಪ್ ನೋಡುವುದರಿಂದ ಶುರು ಮಾಡಿದರೆ ಆಕಳಿಸುತ್ತೀರಿ. ನಾನಂತೂ ಆಗಲೇ ಆಕಳಿಸುತ್ತಿದ್ದೇನೆ.

ಮತ್ತೆ ೧

ಒಬ್ಬಳು ಹೆಂಗಸು. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ದಿನವಿಡೀ ಗಾಜು ಬದಲಿಸುತ್ತಾ, "ಮೊದಲನೇದು ಚೆನ್ನಾಗಿದ್ಯಾ, ಎರಡನೇದಾ?" ಎಂದು ಕೇಳುತ್ತಾಳೆ. ಹೆದರಿದ ಜನ ಕಂಡದ್ದನ್ನು ಹೇಳುವುದಿಲ್ಲ, ಅವಳಿಗೆ ಇಷ್ಟವಾಗಬಹುದಾದದ್ದನ್ನು ಹೇಳುತ್ತಾರೆ. ಹಾಗಾಗಿ ಅವಳು ಮಾತಿಗಿಂತ ಹುಬ್ಬನ್ನು ಹೆಚ್ಚು ನಂಬುತ್ತಾಳೆ.

ಗಂಡ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವವನು. ಇಬ್ಬರೂ ಸೇರಿ ಒಂದು ಮಗುವಿಗೆ ಫಾಸ್ಟರ್ ಪೇರೆಂಟ್ ಆಗಬೇಕೆಂದು ತೀರ್ಮಾನಿಸಿದ್ದಾರೆ. ದತ್ತು ಅಲ್ಲ. ಸ್ವಂತ ಮನೆ ಮತ್ತೆ ಸರಿಯಾಗುವವರೆಗೆ ಬೇರೆಯವರ ಮಗುವನ್ನು ನೋಡಿಕೊಳ್ಳುವುದು. ಸರಿಯಾದ ದಿನ ಕಳಿಸಿಕೊಡುವುದು.

"ಯಾವಾಗ ಬರುತ್ತೆ, ಯಾವಾಗ ಹೊರಡುತ್ತೆ, ಎರಡೂ ಗೊತ್ತಿಲ್ಲ. ಇಂಥ ಬಸ್ಸನ್ನ ನಾನು ಪಟ್ಟಿಗೇ ಹಾಕಲ್ಲ," ಎಂದ ಗಂಡ. ಆದರೂ ಖಾಲಿ ಕೋಣೆಗೆ ಅವನೇ ಬಣ್ಣ ಹೊಡೆದ.

ಅತ್ತೆ ಫೋನಿನಲ್ಲಿ ಹೇಳಿದ್ದು: "ಬಾಡಿಗೆಗೆ ಮನೆ ತಗೊಳ್ಳೋರನ್ನ ನೋಡಿದ್ದೆ. ಬಾಡಿಗೆಗೆ ಮಗು ತಗೊಳ್ಳೋರು ನೀವೇ ಮೊದಲು ಕಣಮ್ಮ."

(ಇವಳು ನೀವೇ ಅಲ್ಲವೇ ಎಂದು ಕೇಳಬೇಡಿ. ನನಗೆ ಕಣ್ಣು ಪರೀಕ್ಷೆ ಮಾಡಲು ಬರುವುದಿಲ್ಲ. ಉಳಿದದ್ದರ ಬಗ್ಗೆ ಉತ್ತರಿಸುವಷ್ಟು ಚೈತನ್ಯ ಇಲ್ಲ.)

೨

ಮೊದಲ ಸಂಸ್ಥೆ. ಗಾಜಿನ ಕಟ್ಟಡ, ಗೋಡೆಯ ತುಂಬ ನಗುವ ಮಕ್ಕಳು, ಕೂತ ತಕ್ಷಣ ತಣ್ಣನೆಯ ನೀರಿನ ಬಾಟಲಿ. ಟೈ ಕಟ್ಟಿದವನೊಬ್ಬ ಎಲ್ಲವನ್ನೂ ವಿವರಿಸಿದ.

"ಟ್ರೇನಿಂಗ್ ಆನ್‌ಲೈನು. ತಿಂಗಳೊಳಗೆ ಮಗು ನಿಮ್ಮ ಮನೇಲಿರುತ್ತೆ ಮೇಡಂ."

"ನಮ್ಮ ಕೈಲಿ ಆಗಲ್ಲ ಅನ್ನೋ ಹಾಗಾದ್ರೆ?"

"ನಮ್ಮಲ್ಲಿ ಇದುವರೆಗೂ ಯಾರೂ ಹಾಗೆ ಹೇಳಿಲ್ಲ ಮೇಡಂ."

ಹೀಗೆ ಹೇಳುವಾಗ ಅವನ ಹುಬ್ಬು ಒಂಚೂರು ಮೇಲಕ್ಕೆ ಹೋಯಿತು. ಅವಳು ಬಾಟಲಿಯ ಮುಚ್ಚಳವನ್ನು ಮತ್ತೆ ಬಿಗಿ ಮಾಡಿದಳು.

ನಾನು ಅವಳನ್ನು ಇಲ್ಲಿಗೇ ಸೇರಿಸಬೇಕೆಂದಿದ್ದೆ. ತಿಂಗಳೊಳಗೆ ಮಗು ಬಂದರೆ ಕಥೆಯೂ ಬೇಗ ಮುಂದೆ ಹೋಗುತ್ತದೆ. ಸಹಿ ಹಾಕುವ ವಾಕ್ಯವನ್ನೂ ಬರೆದಿದ್ದೆ.

"ನಾನು ಹಾಕಲ್ಲ," ಎಂದಳು.

"ಯಾಕೆ? ಚೆನ್ನಾಗೇ ಇದೆಯಲ್ಲ."

"ಅವರು ಮಗು ಕೊಟ್ಟ ಮನೆಗಳಲ್ಲಿ ಯಾರಿಗೂ ಒಂದು ದಿನಾನೂ ಸಾಕಾಗಿ ಹೋಗಿಲ್ಲ ಅಂದ್ರೆ, ಹೇಳೋಕೆ ಹೆದರಿದ್ದಾರೆ ಅಂತ. ನಂಗೆ ಸಾಕಾಗುತ್ತೆ. ಆವಾಗ ಯಾರಿಗೆ ಹೇಳ್ಲಿ? ನಿಂಗಾ?"

ನನಗೆ ಹೇಳಬೇಡ ಮಾರಾಯ್ತಿ ಎಂದು ವಾಕ್ಯ ಅಳಿಸಿದೆ.

೪

(ಮೂರನ್ನು ಕೈಬಿಟ್ಟೆ. ಅದರಲ್ಲಿ ಇಬ್ಬರೂ ಉದ್ಯಾನದ ಬೆಂಚಿನ ಮೇಲೆ ಕೂತು ಪರಸ್ಪರ ಬಹಳ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು.)

ಎರಡನೇ ಸಂಸ್ಥೆ ಟೈರ್ ಅಂಗಡಿಯ ಮೇಲಿತ್ತು. ಮೆಟ್ಟಿಲ ತುಂಬ ರಬ್ಬರ್ ವಾಸನೆ. ಒಂದಕ್ಕೊಂದು ಸಂಬಂಧವಿಲ್ಲದ ಕುರ್ಚಿಗಳು. ಅಲ್ಲಿದ್ದ ಹೆಂಗಸು ಕೆಮ್ಮಿಕೊಂಡೇ ಮಾತಾಡುತ್ತಿದ್ದಳು. ಕೆಮ್ಮಿನ ಮೇಡಂ ಎಂದೇ ಕರೆಯೋಣ.

"ಕೋಪ ಬಂದ್ರೆ ಏನ್ ಮಾಡ್ತೀರ?"

"ನಂಗೆ ಕೋಪ ಬರಲ್ಲ," ಎಂದ ಗಂಡ.

"ಬರುತ್ತೆ ಮೇಡಂ. ಬಂದ್ರೆ ಫ್ರಿಜ್ ಕ್ಲೀನ್ ಮಾಡ್ತಾರೆ. ಬಾಗಿಲು ದಡಾರ್ ಅಂತ ಹಾಕ್ಕೊಂಡು," ಎಂದಳು ಹೆಂಡತಿ.

"ಒಳ್ಳೇದು. ಅದನ್ನೇ ಮುಂದುವರಿಸಿ. ಬಾಗಿಲು ಮಾತ್ರ ನಿಧಾನಕ್ಕೆ ಹಾಕಿ."

ಇಲ್ಲೂ ಅವಳು ಅದೇ ಪ್ರಶ್ನೆ ಕೇಳಿದಳು. ನಮ್ಮ ಕೈಲಿ ಆಗಲ್ಲ ಅನ್ನೋ ಹಾಗಾದ್ರೆ?

"ಹಾಗೆ ಹೇಳಿದೋರು ಇದ್ದಾರೆ. ಒಬ್ಬರ ಹತ್ರ ಮಾತಾಡ್ತೀರಾ?" ಕೆಮ್ಮಿನ ಮೇಡಂ ನಂಬರು ಒತ್ತಿ, ಆ ಕಡೆಯವರಿಂದ ಒಪ್ಪಿಗೆ ಕೇಳಿ, ಫೋನು ಇವಳ ಕೈಗಿತ್ತು ತಾನು ಹೊರಗೆ ಹೋದಳು. ಸಂಸ್ಥೆಯ ಪದ್ಧತಿಯೇ ಹಾಗಂತೆ: ಹೊಸಬರು ಮೊದಲು ಮಾತಾಡಬೇಕಾದದ್ದು ಗೆದ್ದವರ ಜೊತೆ ಅಲ್ಲ.

"ನಾನು ಮಗೂನ ವಾಪಸ್ ಕೊಟ್ಟೋಳು," ಎಂದಿತು ಫೋನಿನ ದನಿ, ಯಾವ ಬೀದಿಯಲ್ಲಿ ಮನೆ ಎಂದು ಹೇಳುವ ಹಾಗೆ. "ಹುಡುಗಿ ಬಾಗಿಲು ಒದೀತಿದ್ಲು, ನಮ್ಮಪ್ಪ ಹಾಸಿಗೆ ಹಿಡಿದಿದ್ರು. ಒಂದಿನ ನನ್ನ ಕೈ ಮೇಲಕ್ಕೆ ಹೋಯ್ತು. ಹೊಡೀಲಿಲ್ಲ. ಆದ್ರೆ ಹೋಯ್ತು. ಕೆಮ್ಮಿನವರಿಗೆ ಫೋನ್ ಮಾಡ್ದೆ."

(ಆ ಹೆಸರನ್ನು ನಾನು ಇಟ್ಟದ್ದು. ಇವಳಿಗೆ ಹೇಗೆ ಗೊತ್ತಾಯಿತೋ.)

"ಬಂದು ಬೈದ್ರಾ?"

"ಬೈಲಿಲ್ಲಮ್ಮ. ನನ್ನನ್ನ ಸ್ನಾನಕ್ಕೆ ಕಳಿಸಿ, ಅವಳಿಗೆ ಮೊಟ್ಟೆ ಬೇಯಿಸಿ ಕೊಟ್ರು. ಆಮೇಲೂ ಎಷ್ಟೋ ವಾರ ಬಂದ್ರು. ಆದ್ರೂ ಆಗ್ಲಿಲ್ಲ. ಹೋಗೋವಾಗ ಅವಳ ಬಟ್ಟೆ ಮಡಚೋದಕ್ಕೆ ನನ್ನನ್ನೂ ಕೂರಿಸಿದ್ರು, ಅವಳನ್ನೂ ಕೂರಿಸಿದ್ರು. ಈಗಲೂ ಆಗಾಗ ಫೋನ್ ಮಾಡ್ತಾಳೆ. ಮಾಡಿ ಮಾತಾಡಲ್ಲ. ಉಸಿರು ಕೇಳ್ಸುತ್ತೆ ಅಷ್ಟೆ."

"ನೀವು?"

"ನಾನು ಅಡುಗೆ ಏನು ಅಂತ ಹೇಳ್ತೀನಿ."

ಮೆಟ್ಟಿಲು ಇಳಿಯುವಾಗ ಗಂಡ ಕೇಳಿದ. "ಮೊದಲನೇದಾ, ಎರಡನೇದಾ?"

"ಎರಡನೇದು. ಕೆಟ್ಟದ್ದೂ ಸ್ಪಷ್ಟವಾಗಿ ಕಾಣ್ತು."

೫

ತಿಂಗಳುಗಳು ಹೋದವು. ತರಬೇತಿ, ಮನೆ ಪರಿಶೀಲನೆ, ಮತ್ತೆ ತರಬೇತಿ. (ಇದನ್ನೆಲ್ಲ ಬರೆದೆ, ಓದಿದೆ, ನಾನೇ ನಿದ್ದೆ ಹೋದೆ. ನಿಮಗೆ ಒಂದು ಸಾಲು ಸಾಕು.)

ಹುಡುಗಿ ಬಂದಳು. ಏಳು ವರ್ಷದವಳಿರಬೇಕು. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಕಾಯಿಲೆ ಉದ್ದದ್ದು, ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ನೀಲಿ ಬ್ಯಾಗನ್ನು ಹುಡುಗಿ ಬೀರುವಿನಲ್ಲಿ ಇಡಲಿಲ್ಲ. ಊಟದ ಮೇಜಿನ ನಾಲ್ಕನೇ ಕುರ್ಚಿಯಲ್ಲಿ ಕೂರಿಸಿದಳು.

ಗಂಡ ಸೌಟು ಹಿಡಿದು ಗಂಭೀರವಾಗಿ ಕೇಳಿದ. "ಇವರಿಗೂ ಬಡಿಸ್ಲಾ?"

"ಬ್ಯಾಗಿಗೆ ಹಸಿವಿಲ್ಲ."

ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೆ ಅತ್ತೆ ಬಂದವರು, "ಇದನ್ನ ಅಟ್ಟದ ಮೇಲೆ ಹಾಕಬಾರದಾ, ಕುರ್ಚಿ ಖಾಲಿ ಆಗುತ್ತೆ," ಎಂದು ಬ್ಯಾಗಿನ ಹಿಡಿಗೆ ಕೈಯಿಟ್ಟರು. ಪಾಪ, ಬಂದವರ ಸಾಮಾನು ಎತ್ತಿಟ್ಟು ಉಪಚರಿಸಿ ಅಭ್ಯಾಸ. ಹುಡುಗಿ ಕೂಗಲಿಲ್ಲ. ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಹೋಗಿ ನಿಂತಳು, ಹೊರಡಲು ಹೇಳಿದರು ಎಂದುಕೊಂಡು.

ಅತ್ತೆ ಕೈ ತೆಗೆದರು. ಸ್ವಲ್ಪ ಹೊತ್ತಿನ ಮೇಲೆ, "ನಂಗೆ ಸ್ಟೂಲೇ ಆರಾಮು," ಎಂದು ಸ್ಟೂಲ್ ಎಳೆದುಕೊಂಡರು.

೬

ಇನ್ನು ಕೊನೆ. ಎರಡು ಬರೆದಿಟ್ಟಿದ್ದೇನೆ.

ಮೊದಲನೆಯದರಲ್ಲಿ ಅಮ್ಮ ಗುಣವಾಗಿ ಬರುತ್ತಾಳೆ. ಹುಡುಗಿ ಬ್ಯಾಗು ಎತ್ತಿಕೊಂಡು ಹೋಗುತ್ತಾಳೆ. ಇವಳು ಖಾಲಿ ಕುರ್ಚಿಯನ್ನು ಒರೆಸುತ್ತಾಳೆ.

ಎರಡನೆಯದರಲ್ಲಿ ಅಮ್ಮ ಬರುವುದಿಲ್ಲ. ಹುಡುಗಿ ಉಳಿಯುತ್ತಾಳೆ, ಕೊನೆಯ ಸಾಲಿನಲ್ಲಿ ಇವಳನ್ನು ಅಮ್ಮ ಎನ್ನುತ್ತಾಳೆ.

"ಮೊದಲನೇದಾ, ಎರಡನೇದಾ?" ಎಂದೆ.

ಅವಳು ಅಂಗಡಿಯಿಂದ ಆಗಷ್ಟೇ ಬಂದಿದ್ದಳು; ಕಾಲು ಊದಿಕೊಂಡಿತ್ತು.

"ಎರಡೂ ಮಸುಕು. ಒಂದರಲ್ಲಿ ನಾನು ಇವಳನ್ನ ಕಳ್ಕೋಬೇಕು. ಇನ್ನೊಂದರಲ್ಲಿ ಇವಳ ಅಮ್ಮ ಸಾಯಬೇಕು. ಯಾವುದಕ್ಕೆ ಹೂಂ ಅನ್ಲಿ ಹೇಳು? ಹಾಳಾದೋಳೇ, ಎರಡನೇದು ಓದೋವಾಗ ಒಂದು ಗಳಿಗೆ ಖುಷಿಯಾಯ್ತು ನಂಗೆ. ಅದನ್ನ ಯಾಕೆ ಬರೆದೆ?"

ಎರಡನ್ನೂ ಹೊಡೆದು ಹಾಕಿದೆ. ಇನ್ನೊಂದು ಬರೆಯುವ ಶಕ್ತಿ ಇಲ್ಲ ಎಂದೆ.

"ಬರೀಬೇಡ. ಇದಕ್ಕೆ ಕೊನೆ ಬರೆಯೋಳು ಆಸ್ಪತ್ರೇಲಿದ್ದಾಳೆ. ನಾವು ನಡುವಿನೋರು," ಎಂದಳು. "ಸುಮ್ನಿರು, ಬಂದ್ಲು."

ಹುಡುಗಿ ಮೇಜಿನ ಬಳಿ ನಿಂತಿದ್ದಳು. "ಆಂಟಿ, ನಾನು ಇನ್ನೂ ಎಷ್ಟು ದಿನ ಇರ್ಬೇಕು?"

ಈ ಪ್ರಶ್ನೆಗೆಂದು ಅವಳಿಗೆ ಮೃದುವಾದ, ತೂಕದ ವಾಕ್ಯಗಳನ್ನು ಬರೆದುಕೊಟ್ಟಿದ್ದೆ. ಒಂದನ್ನೂ ಬಳಸಲಿಲ್ಲ.

"ಗೊತ್ತಿಲ್ಲ ಪುಟ್ಟಿ."

"ನಿಮಗೂ ಗೊತ್ತಿಲ್ವಾ?"

"ನಂಗೂ ಗೊತ್ತಿಲ್ಲ. ಗೊತ್ತಾದ ತಕ್ಷಣ ನಿಂಗೆ ಹೇಳ್ತೀನಿ. ಬೇರೆ ಯಾರಿಗೂ ಮೊದಲು ಹೇಳಲ್ಲ."

ಹುಡುಗಿ ಇವಳ ಹುಬ್ಬನ್ನೇ ನೋಡಿದಳು. ಆಮೇಲೆ ತನ್ನ ಕುರ್ಚಿ ದಾಟಿ ಬ್ಯಾಗಿನ ಕುರ್ಚಿಗೆ ಬಂದಳು. ಬ್ಯಾಗನ್ನು ಸ್ವಲ್ಪ ಸರಿಸಿ, ಉಳಿದ ಅಂಚಿನಲ್ಲಿ ಅರ್ಧ ಕೂತಳು. ಇನ್ನೇನು ಜಾರುವ ಹಾಗಿತ್ತು. ಹಿಡಿಯಲು ಇವಳ ಕೈ ಎದ್ದಿತು. ನನ್ನದೂ. ಇಬ್ಬರೂ ತಡೆದುಕೊಂಡೆವು.

ಗಂಡ ಸೌಟು ಹಿಡಿದು ಬಂದ. "ಇವರಿಗೂ ಬಡಿಸ್ಲಾ?"

ಹುಡುಗಿ ಯೋಚಿಸಿದಳು.

"ಸ್ವಲ್ಪ," ಎಂದಳು.

ಬಡಿಸುವುದು ಯಾವ ತಟ್ಟೆಗೆ, ಇನ್ನೊಂದು ತಟ್ಟೆ ತರಬೇಕೋ ಬೇಡವೋ ತಿಳಿಯದೆ ಗಂಡ ನನ್ನ ಕಡೆ ನೋಡುತ್ತಿದ್ದಾನೆ. ನನ್ನನ್ನೇನು ನೋಡುತ್ತೀಯಪ್ಪ. ಅವಳನ್ನು ಕೇಳು. ಸಾರು ಆರುತ್ತಿದೆ.