ಪರದೆ ಟೈಲರ್‌ನ ಫ್ಲೈಬಾಲ್

ನಾಯಿ ಅಕ್ಕನದು. ಈ ಮಾತನ್ನು ಪರದೆ ಟೈಲರ್ ಏಳು ತಿಂಗಳಿಂದ ಎಷ್ಟು ಸಲ ಹೇಳಿದ್ದನೆಂದರೆ, ಕಿಟಕಿಯ ಅಳತೆ ಕೊಡಲು ಬರುವವರಿಗೆ, ಹಾಲಿನವನಿಗೆ, ಎದುರು ಮನೆಯ ನಿವೃತ್ತ ಮೇಷ್ಟರಿಗೆ, ಎಲ್ಲರಿಗೂ ಅದು ಬಾಯಿಪಾಠವಾಗಿತ್ತು. "ನಮ್ಮದಲ್ಲ ಸ್ವಾಮಿ, ಅಕ್ಕನ ನಾಯಿ. ಆರು ತಿಂಗಳಿಗೆ ಅಂತ ಬಿಟ್ಟು ಹೋಗಿದಾಳೆ. ನನ್ನ ಹಣೆಬರಹ." ಹೀಗೆ ಹೇಳುವಾಗ ಅವನ ಎಡಗೈ ಮೇಜಿನ ಕೆಳಗೆ ನಾಯಿಯ ಕಿವಿ ಕೆರೆಯುತ್ತಿರುತ್ತಿತ್ತು.

ಅಕ್ಕ ಸರ್ವೆಯರ್. ರೈಲು ಹಳಿ ಹಾಕುವ ಮೊದಲು ನೆಲ ಅಳೆಯುವ ತಂಡದಲ್ಲಿ ಕೆಲಸ, ಡೇರೆಯಲ್ಲಿ ವಾಸ. ಡೇರೆಗೆ ನಾಯಿ ತರುವ ಹಾಗಿಲ್ಲ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರಿಂದ ಅವಳು ತಮ್ಮನ ಮನೆಗೆ ಬಂದು, ಕಣ್ಣೊರೆಸಿಕೊಂಡು, ಹಗ್ಗವನ್ನು ಅವನ ಕೈಗೆ ಕೊಟ್ಟು ಹೋಗಿದ್ದಳು. ಕಪ್ಪು ಬಿಳುಪು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಜಾತಿ ಯಾವುದೆಂದು ಅದಕ್ಕೇ ಗೊತ್ತಿರಲಿಲ್ಲ. ಹೆಸರು ಮಾತ್ರ ದೊರೆ.

ದೊರೆ ಮೊದಲ ತಿಂಗಳೇ ದರ್ಬಾರು ಶುರುಮಾಡಿತು. ಯಾವುದೋ ಸಭಾಂಗಣಕ್ಕೆಂದು ಹೊಲಿದಿಟ್ಟ ಮಖಮಲ್ ಪರದೆಯ ಅಂಚನ್ನು ಒಂದು ಗೇಣಿನಷ್ಟು ತಿಂದು ಹಾಕಿತು. ಜೋಡಿ ಪರದೆಗಳು ಸಮನಾಗಿರಬೇಕೆಂಬ ವೃತ್ತಿಧರ್ಮ ಅದಕ್ಕೂ ತಿಳಿದಿತ್ತೋ ಏನೋ, ಎರಡನೆಯದರ ಅಂಚನ್ನೂ ಅಷ್ಟೇ ತಿಂದಿತು. ಟೈಲರ್ ತಲೆಯ ಮೇಲೆ ಕೈಹೊತ್ತು ಕುಳಿತ. ಅವನ ಹೆಂಡತಿ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುವವಳು, ದಿನವಿಡೀ ಯಾರೂ ಮಾತಾಡದ ಜಾಗದಲ್ಲಿದ್ದು ಬರುವುದರಿಂದ ಮನೆಗೆ ಬಂದ ಮೇಲೆ ಅಳೆದು ತೂಗಿ ಆಡುವ ಗೋಜಿಗೆ ಹೋಗುತ್ತಿರಲಿಲ್ಲ.

"ಅದಕ್ಕೆ ಮಾಡೋಕೆ ಕೆಲಸ ಇಲ್ಲ. ಅದಕ್ಕೇ ನಿಮ್ಮ ಕೆಲಸ ಮಾಡ್ತಿದೆ," ಎಂದಳು.

ಮರುದಿನ ನಾಯಿಗಳ ಆಟದ ಬಗ್ಗೆ ಒಂದು ತೆಳ್ಳನೆಯ ಪುಸ್ತಕ ತಂದಳು. ಅದರಲ್ಲಿ ಫ್ಲೈಬಾಲ್ ಇತ್ತು. ಸಾಲಾಗಿ ನಾಲ್ಕು ತಡೆಗಳು, ಕೊನೆಯಲ್ಲಿ ಒಂದು ಪೆಟ್ಟಿಗೆ. ನಾಯಿ ನಾಲ್ಕನ್ನೂ ಹಾರಿ ಹೋಗಿ ಪೆಟ್ಟಿಗೆಯ ಇಳಿಜಾರು ಹಲಗೆಯನ್ನು ಕಾಲಿನಿಂದ ಒದ್ದರೆ ಒಳಗಿನಿಂದ ಚೆಂಡು ಚಿಮ್ಮುತ್ತದೆ. ಅದನ್ನು ಬಾಯಲ್ಲಿ ಹಿಡಿದು, ಮತ್ತೆ ನಾಲ್ಕನ್ನೂ ಹಾರಿ, ಯಜಮಾನನ ಬಳಿ ಓಡಿ ಬರಬೇಕು. ಇಷ್ಟೇ ಆಟ. ಕಲಿಸುವ ಕ್ಲಬ್ಬು ಊರಿನಲ್ಲೇ ಇತ್ತು. ಅವರು ಹೇಳಿದ ಫೀಸು ಕೇಳಿ ಟೈಲರ್, "ಇಷ್ಟಕ್ಕೆ ನನಗೂ ಹಾರೋದು ಕಲಿಸ್ತೀರಾ?" ಎಂದು ಫೋನಿಟ್ಟ.

ಮನೆಯಲ್ಲಿ ಏನು ಕಮ್ಮಿ! ಪರದೆ ತೂಗುವ ಸರಳುಗಳ ತುಂಡುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು, ಅವು ತಡೆಗಳಾದವು. ದಾರದ ಉಂಡೆಗಳು ಬರುತ್ತಿದ್ದ ರಟ್ಟಿನ ಡಬ್ಬಗಳು ಅವಕ್ಕೆ ಆಸರೆಯಾದವು. ಹಳೆಯ ಹೊಲಿಗೆ ಯಂತ್ರದ ಖಾನೆ ಪೆಟ್ಟಿಗೆಯಾಯಿತು. ಎಳೆದು ಬಿಟ್ಟರೆ ತಾನೇ ಸುತ್ತಿಕೊಂಡು ಮೇಲೆ ಹೋಗುವ ಕಿಟಕಿ ಪರದೆಯೊಳಗೊಂದು ಸ್ಪ್ರಿಂಗ್ ಇರುತ್ತದಲ್ಲ, ಅದನ್ನು ಕಿತ್ತು ಪೆಟ್ಟಿಗೆಯೊಳಗೆ ಕೂರಿಸಿದ. ಮೊದಲ ಪರೀಕ್ಷೆಯಲ್ಲಿ ಚೆಂಡು ನೇರ ಮೇಲೆ ಹೋಗಿ ಟ್ಯೂಬ್‌ಲೈಟನ್ನು ಚೂರುಚೂರು ಮಾಡಿತು. ದೊರೆ ಮಂಚದ ಕೆಳಗೆ ಸೇರಿಕೊಂಡು ಎರಡು ದಿನ ಹೊರಗೆ ಬರಲಿಲ್ಲ. ಟೈಲರ್ ಸ್ಪ್ರಿಂಗನ್ನು ಸಡಿಲಿಸಿ, ಸದ್ದಾಗದಂತೆ ಪೆಟ್ಟಿಗೆಗೆ ಒಳಗೂ ಹೊರಗೂ ದಪ್ಪ ಬಟ್ಟೆಯ ಅಸ್ತರು ಹೊಲಿದ. ಗಿರಾಕಿಗಳ ಪರದೆಗೂ ಅವನು ಅಷ್ಟು ಒತ್ತಾದ ಹೊಲಿಗೆ ಹಾಕಿದವನಲ್ಲ.

ಪುಸ್ತಕದ ಪ್ರಕಾರ ಪಾಠ ಹಿಂದಿನಿಂದ ಮುಂದಕ್ಕೆ. ಪೆಟ್ಟಿಗೆ ಆಮೇಲೆ, ತಡೆ ಆಮೇಲೆ, ಮೊದಲು ಕಲಿಯಬೇಕಾದ್ದು ಯಜಮಾನನ ಬಳಿ ಓಡಿ ಬರುವುದು. ಅದಕ್ಕೊಂದು ಉಪಾಯವನ್ನೂ ಹೇಳಿತ್ತು. ನಿಂತಲ್ಲೇ ನಿಂತು ಕರೆಯುವವನು ನಾಯಿಯ ಪಾಲಿಗೆ ಒಂದು ಕಂಬ. ಕಂಬಕ್ಕೇನು ಅವಸರ, ನಿಧಾನವಾಗಿ ಹೋದರೂ ಅದು ಅಲ್ಲೇ ಇರುತ್ತದೆ. ಹೆಸರು ಕೂಗುತ್ತ ಬೆನ್ನು ತಿರುಗಿಸಿ ಓಡುವವನ ಹಿಂದೆ ಮಾತ್ರ ನಾಯಿ ಎದ್ದೆನೋ ಬಿದ್ದೆನೋ ಎಂದು ಓಡುತ್ತದೆ.

ಹೀಗಾಗಿ ಪ್ರತಿ ಸಂಜೆ, ಮನೆಯ ಮುಂದಿನ ಬೀದಿಯಲ್ಲಿ, ಹೆಂಡತಿ ನಾಯಿಯ ಎದೆಗೆ ಕೈಹಾಕಿ ಹಿಡಿದುಕೊಂಡರೆ, ಐವತ್ತೆರಡು ವರ್ಷದ ಟೈಲರ್ ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ, "ದೊರೆ! ದೊರೆ! ದೊರೆ!" ಎಂದು ಕಿರುಚುತ್ತ ಓಡುತ್ತಿದ್ದ. ಸ್ವಂತ ಮದುವೆಗೂ ತಡವಾಗಿ, ನಿಧಾನವಾಗಿ ಬಂದಿದ್ದ ಮನುಷ್ಯ. ಎದುರು ಮನೆ ಮೇಷ್ಟರು ದಿನಾ ಐದು ಗಂಟೆಗೆ ಸರಿಯಾಗಿ ಕುರ್ಚಿ ಹೊರಗೆ ಹಾಕಿಸಿಕೊಳ್ಳತೊಡಗಿದರು.

ನಾಲ್ಕು ತಿಂಗಳಲ್ಲಿ ದೊರೆ ಎಲ್ಲವನ್ನೂ ಕಲಿಯಿತು. ಟೈಲರ್ ಹತ್ತು ಕಿಲೋ ಇಳಿದ. ರಾತ್ರಿ ಊಟವಾದ ಮೇಲೆ ನಾಯಿ ಅವನ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು, ಅವನು ಕಾಲು ಜೋಮು ಹಿಡಿದರೂ ಕದಲುತ್ತಿರಲಿಲ್ಲ. ಆದರೆ ಭಾನುವಾರ ಅಕ್ಕ ಫೋನು ಮಾಡಿದರೆ ಹಳೆಯ ರಾಗ. ಬೊಗಳುತ್ತೆ, ಕೂದಲು ಉದುರಿಸುತ್ತೆ, ಯಂತ್ರದ ಮುಂದೆ ಕೂರೋಕೆ ಬಿಡಲ್ಲ, ನನ್ನ ಪಾಡು ಯಾರಿಗೂ ಬೇಡ. ಇದನ್ನೆಲ್ಲ ಕೇಳಿ ಕೇಳಿ ಅಕ್ಕನ ಕರುಳು ಚುರುಕ್ಕೆಂದಿತು. ಡೇರೆ ಕೆಲಸ ಬಿಟ್ಟು ಕಚೇರಿ ಕೆಲಸ ಕೇಳಿ ಪಡೆದಳು. ಹಿತ್ತಿಲಿರುವ ಬಾಡಿಗೆ ಮನೆ ಹುಡುಕಿದಳು. "ಬರೋ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ ಕಣೋ. ಪಾಪ, ತುಂಬಾ ಸಹಿಸ್ಕೊಂಡೆ," ಎಂದಳು.

ಟೈಲರ್ ಫೋನಿಟ್ಟ. ತನ್ನ ಗುಂಡಿಯನ್ನು ತಾನೇ, ಅದೂ ವಾರಕ್ಕೊಂದು ಹಾರೆ ಏಟಿನಂತೆ, ಇಷ್ಟು ಅಚ್ಚುಕಟ್ಟಾಗಿ ತೋಡಿಕೊಂಡವನು ಇನ್ನೊಬ್ಬನಿರಲಾರ.

"ಕೊಡಲ್ಲ ಅಂತ ಬಾಯಿಬಿಟ್ಟು ಹೇಳಿ," ಎಂದಳು ಹೆಂಡತಿ.

"ಹೇಗೆ ಹೇಳ್ಲಿ? ಏಳು ತಿಂಗಳು ಗೋಳು ಹೊಯ್ಕೊಂಡಿದೀನಿ."

"ಹೇಳಿದ್ದೆಲ್ಲ ಸುಳ್ಳು ಅಂತ ಹೇಳಿ."

"ಅಕ್ಕನ ಮುಂದೆ?" ಎಂದ ಅವನು. ಅಕ್ಕನ ಮುಂದೆ ಒಂದು ವಸ್ತು ತನಗೆ ಬೇಕೆಂದು ಅವನು ಯಾವತ್ತೂ ಕೇಳಿದವನಲ್ಲ. ಚಿಕ್ಕಂದಿನಲ್ಲಿ ಅವನು ಕೇಳುವ ಮೊದಲೇ ಅವಳು ಕೊಟ್ಟುಬಿಡುತ್ತಿದ್ದಳು, ಕೇಳುವ ಅಭ್ಯಾಸವೇ ಅವನಿಗೆ ಆಗಲಿಲ್ಲ.

ಭಾನುವಾರ ಅಕ್ಕ ಬಂದಳು. ಬಿಸಿಲಿಗೆ ಕರಕಲಾಗಿದ್ದಳು, ತೆಳ್ಳಗಾಗಿದ್ದಳು. ಬಾಗಿಲಲ್ಲೇ ಮಂಡಿಯೂರಿದಳು. ದೊರೆ ಕುಂಯ್ಗುಟ್ಟುತ್ತ ಅವಳ ಮೈಮೇಲೆ ಬಿದ್ದು, ಮುಖವೆಲ್ಲ ನೆಕ್ಕಿ, ಮನೆಯನ್ನು ಎರಡು ಸುತ್ತು ಓಡಿ, ಮತ್ತೆ ಬಂದು ಬಿದ್ದಿತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟವಾಗಿತ್ತು. ಟೈಲರ್‌ಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಐವತ್ತೆರಡರ ಮನುಷ್ಯನಿಗೆ ಅಕ್ಕನ ಮೇಲೆ, ಅದೂ ಒಂದು ನಾಯಿಯ ವಿಷಯಕ್ಕೆ. ಅವನಿಗೇ ನಾಚಿಕೆಯಾಯಿತು, ಆದರೂ ಕಿಚ್ಚು ಆರಲಿಲ್ಲ.

ಚಹಾ ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ ಅವನು ಗಂಟಲು ಸರಿಮಾಡಿಕೊಂಡ. "ಅಲ್ಲ ಅಕ್ಕಾ, ನನಗೇನು, ಕರ್ಕೊಂಡು ಹೋದರೆ ಪೀಡೆ ಕಳೀತು. ಆದರೆ ಮೂಕಪ್ರಾಣಿ ನೋಡು, ಈ ಜಾಗಕ್ಕೆ ಒಗ್ಗಿಹೋಗಿದೆ. ಅದನ್ನೂ ಒಂದು ಮಾತು ಕೇಳೋಣ."

"ಕೇಳೋದು ಹೇಗೋ?"

"ನೀನೊಂದು ಕಡೆ, ನಾನೊಂದು ಕಡೆ. ಇಬ್ಬರೂ ಕರೆಯೋಣ. ಯಾರ ಹತ್ತಿರ ಬರುತ್ತೋ ಅವರದು."

ಹೆಂಡತಿ ಅವನ ಮುಖವನ್ನೇ ನೋಡಿದಳು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ.

ಅಕ್ಕ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಸರಿ. ನ್ಯಾಯವಾಗಿ ಆಗಲಿ," ಎಂದಳು. ನ್ಯಾಯವೆಂದರೆ ಅವಳ ಪಾಲಿಗೆ ಅಳತೆ. ಚೀಲದಿಂದ ಉದ್ದ ಟೇಪು ತೆಗೆದು ಬೀದಿಯನ್ನು ಅಳೆದು, ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದಳು. ಅಲ್ಲಿಂದ ಎರಡೂ ಕಡೆಗೆ ಹದಿನೈದು ಹದಿನೈದು ಮೀಟರ್. ತಮ್ಮನ ಕಡೆಗೆ ನೆಲ ಸ್ವಲ್ಪ ಏರು ಎಂದು ಕಂಡು ಅವನ ಗೆರೆಯನ್ನು ಒಂದು ಮೊಳ ಮುಂದಕ್ಕೆ ತಂದುಕೊಟ್ಟಳು. "ಕೈಯಲ್ಲಿ ತಿಂಡಿ, ಚೆಂಡು ಏನೂ ಇರಬಾರದು ನೋಡು," ಎಂದಳು. ಟೈಲರ್ ಎರಡೂ ಅಂಗೈ ಬಿಡಿಸಿ ತೋರಿಸಿದ. ಕಾಲಿನ ಬಗ್ಗೆ ಅವಳು ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಹೆಂಡತಿ ನಡುಗೆರೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ದೊರೆಯ ಎದೆಗೆ ಕೈಹಾಕಿ ಹಿಡಿದಳು. ಮೇಷ್ಟರು, ತಮ್ಮನ್ನು ಯಾರೂ ಕೇಳದಿದ್ದರೂ, "ಒಂದು, ಎರಡು, ಮೂರು," ಎಂದರು.

ಅಕ್ಕ ನೆಲಕ್ಕೆ ಕೂತು ಎರಡೂ ತೋಳು ಚಾಚಿದಳು. "ದೊರೆ, ಬಾರೋ ಮಗನೆ," ಎಂದಳು. ದನಿ ಅರ್ಧಕ್ಕೇ ಒಡೆಯಿತು. ಅದು ಟೈಲರ್‌ನ ಕಿವಿಗೆ ಬಿತ್ತು. ಬಿದ್ದರೂ ಅವನು ಗಿರಕ್ಕನೆ ಬೆನ್ನು ತಿರುಗಿಸಿ, "ದೊರೆ! ದೊರೆ! ದೊರೆ!" ಎಂದು ಕೂಗುತ್ತ ಬಿದ್ದಂಬೀಳ ಓಡಿದ.

ಬೀದಿಯ ತಿರುವಿನಲ್ಲಿ ಅವನ ಹಿಮ್ಮಡಿಗೆ ಬಿಸಿಯುಸಿರು ತಾಗಿತು. ದೊರೆ ಅವನ ಪಂಚೆಯ ಅಂಚು ಕಚ್ಚಿ, ಬಾಲ ಬಡಿಯುತ್ತ ನಿಂತಿತ್ತು. ಅವನು ಏದುಸಿರು ಬಿಡುತ್ತ ಅದನ್ನು ಅವಚಿಕೊಂಡ.

ಅವನು ಹಿಂದಿರುಗುವಾಗ ಅಕ್ಕ ಎದ್ದು ಸೀರೆಯ ಧೂಳು ಕೊಡವಿಕೊಳ್ಳುತ್ತಿದ್ದಳು. ಬೈದರೆ ಬೈಸಿಕೊಳ್ಳುವುದೆಂದು ಅವನು ತಲೆತಗ್ಗಿಸಿ ಬಂದ. ಅವಳು ಬೈಯಲಿಲ್ಲ. "ನಿನ್ನನ್ನೇ ಹಚ್ಕೊಂಡಿದೆ ಕಣೋ. ನೀನು ಹೋಗಿಬಿಡ್ತೀಯೇನೋ ಅಂತ ಹೆದರಿ ಹೇಗೆ ಓಡ್ತು ನೋಡು," ಎಂದು ನಾಯಿಯ ತಲೆ ಸವರಿದಳು. ತಂದಿದ್ದ ಹೊಸ ಕೊರಳಪಟ್ಟಿಯನ್ನು ತಾನೇ ಅದರ ಕೊರಳಿಗೆ ಕಟ್ಟಿದಳು. "ಬೇಡದ ನಾಯೀನ ಇಷ್ಟು ಚೆನ್ನಾಗಿ ನೋಡ್ಕೊಂಡೆಯಲ್ಲ. ನೀನು ದೊಡ್ಡ ಮನುಷ್ಯ." ಊಟಕ್ಕೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಗೆದ್ದವನಿಗೆ ಅಂದು ಊಟ ಸೇರಲಿಲ್ಲ. ಅವನನ್ನು ಒಂದು ಪ್ರಶ್ನೆ ಕೊರೆಯುತ್ತಿತ್ತು. ಬೆನ್ನು ತಿರುಗಿಸಿ ಓಡಿದವನಿಗೆ ಹಿಂದೆ ನಡೆದದ್ದು ಕಾಣುವುದಿಲ್ಲವಲ್ಲ.

"ನಿನ್ನ ಕೈಲಿದ್ದಾಗ ಅದು ಯಾವ ಕಡೆಗೆ ಎಳೀತಿತ್ತು?" ಎಂದು ಹೆಂಡತಿಯನ್ನು ಕೇಳಿದ.

ಅವಳು ತಟ್ಟೆ ಎತ್ತಿಕೊಂಡು ಎದ್ದಳು. "ನೀವು ನಿಂತಿದ್ದಿದ್ದರೆ ನೀವೇ ನೋಡಬಹುದಿತ್ತು," ಎಂದಳು.

ಮರುದಿನ ಸಂಜೆ ಅವನು ತಡೆ, ಪೆಟ್ಟಿಗೆ ಒಂದನ್ನೂ ಹೊರಗೆ ತರಲಿಲ್ಲ. "ಸುಮ್ಮನೆ ಹಿಡ್ಕೊ. ನಾನು ಓಡಲ್ಲ. ನಿಂತೇ ಕರೀತೀನಿ," ಎಂದ. ಹದಿನೈದು ಹೆಜ್ಜೆ ಎಣಿಸಿ ನಡೆದು, ತಿರುಗಿ, ಕಾಲು ಅಗಲಿಸಿ ನಿಂತ. ಮೇಷ್ಟರ ಕುರ್ಚಿ ಹೊರಗೆ ಬಂತು. ದೊರೆ ಜೋಲು ಕಿವಿಯನ್ನೂ ತುಸು ಎತ್ತಿ ಅವನನ್ನು ನೋಡಿತು. ಆಮೇಲೆ ತಲೆ ತಿರುಗಿಸಿ ಬೀದಿಯ ಆಚೆ ತುದಿಯನ್ನು, ನಿನ್ನೆ ಅಕ್ಕ ಕುಳಿತಿದ್ದ ಕಡೆಯನ್ನು ನೋಡಿತು. ಮತ್ತೆ ಅವನನ್ನು ನೋಡಿತು.

"ಬಿಡಲಾ?" ಎಂದಳು ಹೆಂಡತಿ.

"ಬಿಡು," ಎಂದ.

ಅವಳು ಕೈ ಬಿಟ್ಟಳು. ಅವನು ಬೆನ್ನು ತಿರುಗಿಸಿ ಓಡಿದ.